ಉಕ್ತಲೇಖನದ ನೆರವಿನಿಂದ ಮನೆಪಾಠದ ಕಾಗದಪತ್ರ ನಿರ್ವಹಣೆ

ಸಂಜೆ ಐದು ಗಂಟೆಯಾಗುತ್ತಿದ್ದಂತೆ ಪಶ್ಚಿಮ ಬೆಂಗಳೂರಿನ ಚಂದ್ರಾ ಲೇಔಟ್‌ನ ಅಡ್ಡರಸ್ತೆಗಳಲ್ಲಿ ಕೆಲವು ಮನೆಗಳ ಬಾಗಿಲ ಬಳಿ ಮಕ್ಕಳ ಚಪ್ಪಲಿಗಳು ಸಾಲುಗಟ್ಟುತ್ತವೆ. ಒಳಗೆ ಹಜಾರದಲ್ಲಿ ಎಸ್ಸೆಸ್ಸೆಲ್ಸಿ ಗಣಿತವೋ ಪಿಯುಸಿ ಲೆಕ್ಕಶಾಸ್ತ್ರವೋ ನಡೆಯುತ್ತಿರುತ್ತದೆ. ಸಾಮಾನ್ಯವಾಗಿ ಇದನ್ನು ಯಾರೂ ಉದ್ದಿಮೆಯೆಂದು ಕರೆಯುವುದಿಲ್ಲ. ಆದರೆ ಉದ್ದಿಮೆಯ ಲಕ್ಷಣಗಳೆಲ್ಲವೂ ಇದಕ್ಕಿವೆ. ಗ್ರಾಹಕರಿದ್ದಾರೆ, ಮಾಸಿಕ ಬಿಲ್ ಇದೆ, ಬಾಕಿ ಇದೆ, ರಸೀದಿ ಇದೆ, ದೂರು ಇದೆ, ವರ್ಷದ ಕೊನೆಗೆ ತೆರಿಗೆಯ ಲೆಕ್ಕವೂ ಇದೆ. ಇಲ್ಲದಿರುವುದು ಗುಮಾಸ್ತ ಮಾತ್ರ. ಪಾಠ ಹೇಳುವವರೇ ರಾತ್ರಿ ಒಂಬತ್ತರ ನಂತರ ಗುಮಾಸ್ತರಾಗಬೇಕು.

ಈ ಕಾರಣದಿಂದಲೇ ಮನೆಪಾಠದ ಲೆಕ್ಕ ಬಹುಪಾಲು ಬಾಯಿಲೆಕ್ಕವಾಗಿ ಉಳಿಯುತ್ತದೆ. ಯಾರು ಕೊಟ್ಟರು, ಯಾರು ಕೊಡಲಿಲ್ಲ ಎಂಬುದು ಶಿಕ್ಷಕರ ನೆನಪಿನಲ್ಲಿರುತ್ತದೆ. ನೆನಪು ತಪ್ಪಿದ ದಿನ ‘ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ’ ಎಂಬ ಗಾದೆ ಎರಡೂ ಕಡೆಯಿಂದ ಕೇಳಿಬರುತ್ತದೆ. ಆಡಿದ ಮಾತನ್ನು ಅಕ್ಷರಕ್ಕಿಳಿಸುವ ಧ್ವನಿ ತಂತ್ರಾಂಶಗಳು ಈಗ ಕನ್ನಡದಲ್ಲಿಯೂ ದೊರೆಯುತ್ತಿರುವುದರಿಂದ, ಈ ಬಾಯಿಲೆಕ್ಕವನ್ನು ಬರಹದ ಲೆಕ್ಕವನ್ನಾಗಿ ಮಾಡಲು ಸಾಧ್ಯವೇ ಎಂಬ ಪ್ರಶ್ನೆ ಸಹಜ. ಸಾಧ್ಯ, ಆದರೆ ಎಲ್ಲ ಕೆಲಸಕ್ಕೂ ಅಲ್ಲ. ಯಾವುದನ್ನು ಯಂತ್ರಕ್ಕೆ ಹೇಳಿ ಬರೆಸಬೇಕು, ಯಾವುದನ್ನು ಕೈಯಿಂದಲೇ ಬರೆಯಬೇಕು ಎಂಬ ವಿವೇಚನೆಯೇ ಇಲ್ಲಿ ಮುಖ್ಯ. ಗುಮಾಸ್ತರಿಲ್ಲದ ಅಂಗಡಿಗೂ ಕಿರು ಕಾರ್ಖಾನೆಗೂ ಇದೇ ಮಾತು ಅನ್ವಯಿಸುತ್ತದೆ.

ದಾಖಲೆ ಏಕೆ ಬೇಕು?

2025ರ ಜುಲೈ ತಿಂಗಳನ್ನು ಬೆಂಗಳೂರಿನ ಸಣ್ಣ ವರ್ತಕರು ಸುಲಭವಾಗಿ ಮರೆಯಲಾರರು. ಯುಪಿಐ ಮೂಲಕ ಸ್ವೀಕರಿಸಿದ ಹಣದ ಮಾಹಿತಿಯನ್ನು ಆಧರಿಸಿ ರಾಜ್ಯದ ವಾಣಿಜ್ಯ ತೆರಿಗೆಗಳ ಇಲಾಖೆಯು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ನೀಡಿತು. ನೋಂದಣಿಯ ಮಿತಿ ಸರಕುಗಳ ವ್ಯಾಪಾರಕ್ಕೆ ವರ್ಷಕ್ಕೆ ರೂ. 40 ಲಕ್ಷ, ಸೇವೆಗಳಿಗೆ ರೂ. 20 ಲಕ್ಷ. ಖಾತೆಗೆ ಬಂದ ಹಣವೆಲ್ಲ ವ್ಯಾಪಾರದ್ದಲ್ಲ, ಅದರಲ್ಲಿ ಮನೆಯವರ ಹಣ, ಕೈಸಾಲ, ತೆರಿಗೆ ವಿನಾಯಿತಿಯ ಸರಕಿನ ಮಾರಾಟ ಎಲ್ಲವೂ ಸೇರಿದೆ ಎಂಬುದು ಹಲವರ ಉತ್ತರವಾಗಿತ್ತು. ಕೆಲವು ಅಂಗಡಿಗಳ ಮುಂದೆ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಫಲಕಗಳೂ ಕಾಣಿಸಿಕೊಂಡವು. ಜುಲೈ 23ರಂದು ಮುಖ್ಯಮಂತ್ರಿಗಳು ವರ್ತಕರ ಪ್ರತಿನಿಧಿಗಳ ಸಭೆ ನಡೆಸಿ ಹಳೆಯ ಬಾಕಿಯ ವಿಷಯದಲ್ಲಿ ಪರಿಹಾರದ ಭರವಸೆ ನೀಡಿದ ಮೇಲೆ ಪ್ರಕರಣ ತಣ್ಣಗಾಯಿತು.

ಆ ಪ್ರಕರಣದಿಂದ ಉಳಿಯುವ ಪಾಠ ಒಂದೇ. ವ್ಯಾಪಾರಿಯ ಬಳಿ ತನ್ನದೇ ಆದ ಕಿರ್ದಿ ಇಲ್ಲದಿದ್ದರೆ ಬ್ಯಾಂಕಿನ ಪಟ್ಟಿಯೇ ಅವನ ಕಿರ್ದಿಯಾಗಿಬಿಡುತ್ತದೆ. ಆ ಪಟ್ಟಿಗೆ ಹಣ ಬಂದ ದಿನ ಗೊತ್ತು, ಮೊತ್ತ ಗೊತ್ತು. ಏತಕ್ಕಾಗಿ ಬಂತು ಎಂಬುದು ಗೊತ್ತಿಲ್ಲ.

ಮನೆಪಾಠದವರ ಸ್ಥಿತಿಯೂ ಇದೇ. ಮಾನ್ಯತೆ ಪಡೆದ ಶಾಲಾ ಶಿಕ್ಷಣಕ್ಕೆ ಸರಕು ಮತ್ತು ಸೇವಾ ತೆರಿಗೆಯಿಂದ ಇರುವ ವಿನಾಯಿತಿ ಖಾಸಗಿ ಕೋಚಿಂಗ್‌ಗೆ ಅನ್ವಯಿಸುವುದಿಲ್ಲ. ನೋಂದಣಿಯ ಮಿತಿ ದಾಟಿದರೆ ಶೇ. 18ರ ದರದಲ್ಲಿ ತೆರಿಗೆ ಬೀಳುತ್ತದೆ. ಒಬ್ಬರೇ ನಡೆಸುವ ಮನೆಪಾಠ ಸಾಮಾನ್ಯವಾಗಿ ಆ ಮಿತಿಯಿಂದ ಬಹಳ ದೂರದಲ್ಲಿರುತ್ತದೆ. ಆದರೆ ದೂರದಲ್ಲಿದ್ದೇವೆ ಎಂದು ಕಾಗದ ತೋರಿಸಿ ಹೇಳಲು ಕಾಗದ ಇರಬೇಕು.

ತೆರಿಗೆಯ ಹೊರತಾಗಿಯೂ ಗಮನಿಸಬೇಕಾದ ಕಟ್ಟಳೆಗಳಿವೆ. ಕರ್ನಾಟಕ ಶಿಕ್ಷಣ ಕಾಯ್ದೆಯಡಿ ಟ್ಯುಟೋರಿಯಲ್ ಸಂಸ್ಥೆಗಳ ನೋಂದಣಿಗೆ 2001ರ ನಿಯಮಗಳಿವೆ. ಶಾಲಾ ಶಿಕ್ಷಕರು ಖಾಸಗಿ ಪಾಠ ಹೇಳುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೆಯ ಕಲಂ ನಿಷೇಧಿಸುತ್ತದೆ. ಐವತ್ತಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಕೋಚಿಂಗ್ ಕೇಂದ್ರಗಳಿಗಾಗಿ ಕೇಂದ್ರ ಶಿಕ್ಷಣ ಸಚಿವಾಲಯವು 2024ರ ಜನವರಿಯಲ್ಲಿ ರಾಜ್ಯಗಳಿಗೆ ಕಳುಹಿಸಿದ ಮಾರ್ಗಸೂಚಿಯು ಶುಲ್ಕಕ್ಕೆ ರಸೀದಿ ಕೊಡಬೇಕೆಂದೂ, ವಿದ್ಯಾರ್ಥಿ ನಡುವೆ ಬಿಟ್ಟರೆ ಉಳಿದ ಅವಧಿಯ ಶುಲ್ಕವನ್ನು ಹತ್ತು ದಿನಗಳೊಳಗೆ ಹಿಂದಿರುಗಿಸಬೇಕೆಂದೂ ಹೇಳುತ್ತದೆ. ಚಿಕ್ಕ ಮನೆಪಾಠ ಈ ಮಾರ್ಗಸೂಚಿಯ ವ್ಯಾಪ್ತಿಗೆ ಬಾರದಿರಬಹುದು. ಆದರೂ ಪೋಷಕರು ಇನ್ನು ಮುಂದೆ ನಿರೀಕ್ಷಿಸುವ ಶಿಸ್ತು ಯಾವುದೆಂಬುದನ್ನು ಅದು ಸೂಚಿಸುತ್ತದೆ.

ಯಂತ್ರಕ್ಕೆ ಹೇಳಿ ಬರೆಸುವ ವಿದ್ಯೆ

ಹೇಳಿ ಬರೆಸುವುದು ವಾಣಿಜ್ಯ ಲೋಕಕ್ಕೆ ಹೊಸದಲ್ಲ. ಯಜಮಾನರು ಹೇಳುವುದು, ಶೀಘ್ರಲಿಪಿಗಾರರು ಗೆರೆಗಳಲ್ಲಿ ಬರೆದುಕೊಂಡು ಬೆರಳಚ್ಚು ಮಾಡಿ ಸಹಿಗೆ ಇಡುವುದು ದೊಡ್ಡ ಕಚೇರಿಗಳ ದಿನಚರಿಯಾಗಿತ್ತು. ನಮ್ಮ ಊರುಗಳ ವಾಣಿಜ್ಯ ಶಾಲೆಗಳಲ್ಲಿ ಬೆರಳಚ್ಚು, ಶೀಘ್ರಲಿಪಿ ಕಲಿತು ಪರೀಕ್ಷೆ ಪಾಸು ಮಾಡಿದವರಿಗೆ ಕೆಲಸವೂ ಸಿಗುತ್ತಿತ್ತು. ಸಣ್ಣ ವ್ಯಾಪಾರಿಗೆ ಆ ಸೌಕರ್ಯ ಕೈಗೆಟುಕುವಂತಿರಲಿಲ್ಲ.

ಯಂತ್ರಕ್ಕೆ ಕಿವಿ ಬಂದದ್ದು ನಿಧಾನವಾಗಿ. ಅಮೆರಿಕದ ಬೆಲ್ ಪ್ರಯೋಗಾಲಯದವರು 1952ರಲ್ಲಿ ರೂಪಿಸಿದ ಯಂತ್ರ ಅಂಕಿಗಳನ್ನಷ್ಟೇ ಗುರುತಿಸುತ್ತಿತ್ತು. ತಡೆಯಿಲ್ಲದೆ ಮಾತನಾಡಿದರೂ ಇಂಗ್ಲಿಷಿನಲ್ಲಿ ಬರೆದುಕೊಳ್ಳುವ ‘ಡ್ರ್ಯಾಗನ್ ನ್ಯಾಚುರಲಿ ಸ್ಪೀಕಿಂಗ್’ ತಂತ್ರಾಂಶ ಮಾರುಕಟ್ಟೆಗೆ ಬಂದದ್ದು 1997ರಲ್ಲಿ. ಕನ್ನಡದಲ್ಲಿ ಅಕ್ಷರ ಮೂಡಿಸುವ ಕೆಲಸವನ್ನು ಆ ಕಾಲದಲ್ಲಿ ಬರಹ, ನುಡಿ ಮುಂತಾದ ತಂತ್ರಾಂಶಗಳು ಕೀಲಿಮಣೆಯ ಮೂಲಕ ಮಾಡಿಕೊಟ್ಟವು. ಧ್ವನಿಯ ಮೂಲಕ ಕನ್ನಡ ಬರೆಯುವುದು ಸಾಮಾನ್ಯರ ಮೊಬೈಲಿಗೆ ತಲುಪಿದ್ದು 2017ರ ಆಗಸ್ಟ್‌ನಲ್ಲಿ, ಗೂಗಲ್ ಸಂಸ್ಥೆಯು ತನ್ನ ಧ್ವನಿ ಬೆರಳಚ್ಚು ಸೌಲಭ್ಯಕ್ಕೆ ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳನ್ನು ಸೇರಿಸಿದಾಗ. ಆಂಡ್ರಾಯ್ಡ್ ಮೊಬೈಲಿನಲ್ಲಿ ಜಿಬೋರ್ಡ್ ಕೀಲಿಮಣೆಗೆ ಕನ್ನಡವನ್ನು ಸೇರಿಸಿಕೊಂಡು ಮೈಕಿನ ಚಿತ್ರವನ್ನು ಒತ್ತಿದರೆ ಸಾಕು. ಗಣಕಯಂತ್ರದಲ್ಲಿ ಕ್ರೋಮ್ ಮೂಲಕ ಗೂಗಲ್ ಡಾಕ್ಸ್ ತೆರೆದು, ಪರಿಕರಗಳ ಪಟ್ಟಿಯಲ್ಲಿರುವ ಧ್ವನಿ ಬೆರಳಚ್ಚಿನಲ್ಲಿ ಕನ್ನಡವನ್ನು ಆರಿಸಿಕೊಳ್ಳಬೇಕು. ಭಾರತ ಸರ್ಕಾರದ ‘ಭಾಷಿಣಿ’ ಯೋಜನೆ 2022ರ ಜುಲೈನಲ್ಲಿ ಆರಂಭವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕನ್ನಡದ ಧ್ವನಿ ಸಂಶೋಧನೆ ಬಹುಕಾಲದಿಂದ ನಡೆದಿದೆ. ದೇಶದ ಎಲ್ಲ ಜಿಲ್ಲೆಗಳ ಆಡುಮಾತನ್ನು ಧ್ವನಿಮುದ್ರಿಸಿ ಸಂಗ್ರಹಿಸುವ ‘ವಾಣಿ’ ಯೋಜನೆಯೂ ಅಲ್ಲಿಂದಲೇ ನಡೆಯುತ್ತಿದೆ. ಧಾರವಾಡ, ಕಲಬುರಗಿ, ಮಂಗಳೂರು, ಮೈಸೂರು ಕಡೆಯ ಮಾತು ಒಂದೇ ತೆರನಲ್ಲದಿರುವಾಗ ಇಂಥ ಸಂಗ್ರಹವಿಲ್ಲದೆ ಯಂತ್ರಕ್ಕೆ ಕನ್ನಡ ಬಾರದು.

ಯಂತ್ರ ಕೇಳುವ ಬಗೆಯನ್ನು ತಿಳಿದರೆ ಅದು ತಪ್ಪುವ ಬಗೆಯೂ ತಿಳಿಯುತ್ತದೆ. ಅದು ಧ್ವನಿಯನ್ನು ಸೆಕೆಂಡಿನ ಸಣ್ಣ ಸಣ್ಣ ಭಾಗಗಳಾಗಿ ಕತ್ತರಿಸಿ, ಪ್ರತಿಯೊಂದು ಭಾಗವೂ ಯಾವ ಉಚ್ಚಾರಣೆಗೆ ಹತ್ತಿರವಿದೆ ಎಂದು ಅಂದಾಜು ಮಾಡುತ್ತದೆ. ಒಂದೇ ಸದ್ದಿಗೆ ಹಲವು ಪದಗಳು ಹೊಂದುವಾಗ, ತಾನು ಕಲಿತ ಅಪಾರ ಪಠ್ಯದಲ್ಲಿ ಯಾವುದು ಹೆಚ್ಚು ಬಳಕೆಯಲ್ಲಿದೆಯೋ ಅದನ್ನು ಆರಿಸಿಕೊಳ್ಳುತ್ತದೆ. ಅಂದರೆ ಅದು ಬರೆಯುವುದು ಕೇಳಿದ್ದನ್ನಲ್ಲ, ಕೇಳಿರಬಹುದಾದದ್ದನ್ನು. ಇದರಿಂದ ಎರಡು ಫಲಗಳಿವೆ. ದಿನಬಳಕೆಯ ವಾಕ್ಯಗಳು ಬಹುಮಟ್ಟಿಗೆ ಸರಿಯಾಗಿ ಬರುತ್ತವೆ. ಅಪರೂಪದ ಹೆಸರು ಮತ್ತು ಅಂಕಿಗಳು ತಪ್ಪಿದಾಗ, ಆ ತಪ್ಪು ಕೂಡ ಶುದ್ಧ ಕಾಗುಣಿತದ ಸರಿಯಾದ ಪದವಾಗಿಯೇ ಕಾಣುತ್ತದೆ. ಕೈಬರಹದ ತಪ್ಪು ಕಣ್ಣಿಗೆ ಹೊಡೆಯುತ್ತದೆ. ಯಂತ್ರದ ತಪ್ಪು ಅಡಗಿ ಕುಳಿತಿರುತ್ತದೆ.

ಕನ್ನಡದಲ್ಲಿ ಎಡವುವ ತಾಣಗಳು

ಒಂದು ಉದಾಹರಣೆಯನ್ನು ಗಮನಿಸಬಹುದು. ಪೋಷಕರಿಗೆ ಕಳುಹಿಸಬೇಕಾದ ತಿಂಗಳ ಟಿಪ್ಪಣಿಯನ್ನು ಶಿಕ್ಷಕಿಯೊಬ್ಬರು ಹೇಳಿ ಬರೆಸಿದಾಗ ತೆರೆಯ ಮೇಲೆ ಹೀಗೆ ಮೂಡಬಹುದು: ‘ನಿಮ್ಮ ಮಗಳು ಅತಿಥಿ ಈ ತಿಂಗಳ ಕಿರುಪರೀಕ್ಷೆಯಲ್ಲಿ ನೂರಕ್ಕೆ ಇಪ್ಪತ್ತು ಅಂಕ ಪಡೆದಿದ್ದಾಳೆ ಬೀಜಗಣಿತ ಚೆನ್ನಾಗಿದೆ ರೇಖಾಗಣಿತದಲ್ಲಿ ಇನ್ನೂ ಅಭ್ಯಾಸ ಬೇಕು.’ ಇಲ್ಲಿ ಕಾಗುಣಿತದ ದೋಷ ಒಂದೂ ಇಲ್ಲ. ಆದರೆ ಹುಡುಗಿಯ ಹೆಸರು ಅದಿತಿ, ಪಡೆದ ಅಂಕ ಎಪ್ಪತ್ತು. ಈ ಟಿಪ್ಪಣಿ ಹಾಗೆಯೇ ಹೊರಟರೆ ಆ ರಾತ್ರಿ ಒಂದು ಮನೆಯಲ್ಲಿ ಏನಾಗುತ್ತದೆ ಎಂಬುದನ್ನು ವಿವರಿಸಬೇಕಾಗಿಲ್ಲ. ಮರುದಿನ ತಿದ್ದುಪಡಿ ಕಳುಹಿಸಬಹುದು, ಬೈಸಿಕೊಂಡ ಮಗುವಿನ ಕಣ್ಣೀರನ್ನು ಹಿಂದಕ್ಕೆ ಕಳುಹಿಸಲಾಗದು.

ಕನ್ನಡದಲ್ಲಿ ಮುಖ್ಯವಾಗಿ ಎಚ್ಚರ ವಹಿಸಬೇಕಾದ ತಾಣಗಳು ಇವು:

1. ಸಂಖ್ಯೆಗಳು. ಇಪ್ಪತ್ತು ಮತ್ತು ಎಪ್ಪತ್ತು ಇವುಗಳ ನಡುವೆ ಇರುವುದು ಮೊದಲ ಸ್ವರದ ವ್ಯತ್ಯಾಸ ಮಾತ್ರ. ‘ಎರಡೂವರೆ ಸಾವಿರ’, ‘ಮುಕ್ಕಾಲು ಗಂಟೆ’ ಮುಂತಾದ ಮಾತುಗಳು ಅಂಕಿಯಾಗದೆ ಪದಗಳಾಗಿಯೇ ಉಳಿಯಬಹುದು. ಪದಗಳನ್ನು ಕೂಡಿ ಲೆಕ್ಕ ಮಾಡಲಾಗದು.

2. ಹೆಸರುಗಳು. ವಿದ್ಯಾರ್ಥಿಯ ಹೆಸರು, ಶಾಲೆಯ ಹೆಸರು, ಊರಿನ ಹೆಸರು, ಮಹಾಪ್ರಾಣವಿರುವ ಹೆಸರುಗಳು ಸಾಮಾನ್ಯ ಪದಗಳಾಗಿ ಮಾರ್ಪಡುವ ಸಾಧ್ಯತೆ ಹೆಚ್ಚು.

3. ಲಕಾರ ಮತ್ತು ಳಕಾರ, ಹ್ರಸ್ವ ಮತ್ತು ದೀರ್ಘ. ಬೆಲೆ, ಬೆಳೆ, ಬೇಳೆ ಈ ಮೂರು ಪದಗಳ ಅಂತರ ದಿನಸಿ ವ್ಯಾಪಾರಿಗೆ ಬೇರೆ ವಿವರಿಸಬೇಕಾಗಿಲ್ಲ.

4. ಆಡುಮಾತು. ‘ಕೊಟ್ಟಿದಾರೆ’, ‘ಬಂದಿಲ್ವಂತೆ’ ಎಂದು ಹೇಳಿದರೆ ಯಂತ್ರ ಕೆಲವೊಮ್ಮೆ ಹಾಗೆಯೇ, ಕೆಲವೊಮ್ಮೆ ಬೇರೆಯೇ ಆಗಿ ಬರೆಯುತ್ತದೆ. ಶಾಲೆಯಲ್ಲಿ ಮಕ್ಕಳಿಗೆ ಉಕ್ತಲೇಖನ ಹೇಳುವ ಕ್ರಮದಲ್ಲಿ ಪದಪದವನ್ನೂ ಪೂರ್ಣವಾಗಿ, ಆದರೆ ಎಳೆಯದೆ ಹೇಳುವುದು ಉತ್ತಮ. ಈ ವಿಷಯದಲ್ಲಿ ಶಿಕ್ಷಕರಿಗೆ ಬೇರೆ ತರಬೇತಿಯ ಅಗತ್ಯವಿಲ್ಲ.

5. ವಿರಾಮ ಚಿಹ್ನೆಗಳು. ಇಂಗ್ಲಿಷಿನಲ್ಲಿ ಚಿಹ್ನೆಯ ಹೆಸರನ್ನು ಹೇಳಿದರೆ ಅದು ಮೂಡುತ್ತದೆ. ಗೂಗಲ್ ಡಾಕ್ಸ್‌ನಲ್ಲಿ ತಿದ್ದುವ ಆದೇಶಗಳನ್ನು ಬಾಯಿಂದ ಕೊಡುವ ಅನುಕೂಲವೂ ಇಂಗ್ಲಿಷಿಗೆ ಮಾತ್ರ ಇದೆ. ಕನ್ನಡದಲ್ಲಿ ಇವೆಲ್ಲವನ್ನೂ ಕೈಯಿಂದಲೇ ಮಾಡಬೇಕು.

6. ಸುತ್ತಲಿನ ಸದ್ದು. ಎಂಬತ್ತಡಿ ರಸ್ತೆಯ ವಾಹನಗಳ ಹಾರನ್, ಕುಕ್ಕರಿನ ಸೀಟಿ, ಪಕ್ಕದ ಕೋಣೆಯ ಟಿವಿ ಇವೆಲ್ಲವೂ ಯಂತ್ರದ ಕಿವಿಗೆ ಮಾತಿನೊಡನೆ ಬೆರೆಯುತ್ತವೆ. ಮೊಬೈಲನ್ನು ಬಾಯಿಯಿಂದ ಒಂದು ಗೇಣು ದೂರದಲ್ಲಿ ಹಿಡಿದು, ಮಕ್ಕಳು ಹೊರಟ ನಂತರ ಅಥವಾ ಬೆಳಗ್ಗೆ ಹೇಳುವುದು ವಾಸಿ.

ಹಾಗಾದರೆ ಲಾಭವೇನು? ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಇತರರೊಡನೆ ಸೇರಿ ನಡೆಸಿದ ಪ್ರಯೋಗದಲ್ಲಿ, ಮೊಬೈಲಿನ ಕೀಲಿಗಳನ್ನು ಒತ್ತಿ ಬರೆಯುವುದಕ್ಕಿಂತ ಹೇಳಿ ಬರೆಸುವುದು ಇಂಗ್ಲಿಷಿನಲ್ಲಿ ಸುಮಾರು ಮೂರು ಪಟ್ಟು ವೇಗವೆಂದು ಕಂಡುಬಂದಿತು. ಆ ಅಂಕಿ ಇಂಗ್ಲಿಷಿನ ಸಾಮಾನ್ಯ ವಾಕ್ಯಗಳಿಗೆ ಸಂಬಂಧಿಸಿದ್ದು. ಕನ್ನಡದಲ್ಲಿ ತನಗೆಷ್ಟು ಉಳಿತಾಯವೆಂಬುದನ್ನು ಪ್ರತಿಯೊಬ್ಬರೂ ಒಂದು ವಾರ ಗಡಿಯಾರ ನೋಡಿಕೊಂಡೇ ತಿಳಿಯಬೇಕು. ಆ ಲೆಕ್ಕದಲ್ಲಿ ತಿದ್ದುವ ಸಮಯವನ್ನೂ ಸೇರಿಸಬೇಕು. ಒತ್ತಕ್ಷರ, ದೀರ್ಘ, ಮಹಾಪ್ರಾಣಗಳಿಗಾಗಿ ಮೊಬೈಲಿನ ಚಿಕ್ಕ ಕೀಲಿಗಳನ್ನು ಹುಡುಕುವ ಶ್ರಮ ತಪ್ಪುವುದಂತೂ ನಿಜ.

ಕೆಲಸವನ್ನು ಹಂಚುವ ಕ್ರಮ

ಮನೆಪಾಠದ ಕಾಗದಪತ್ರವನ್ನು ಮೂರು ಪಾಲು ಮಾಡಿಕೊಂಡರೆ ಗೊಂದಲವಿರುವುದಿಲ್ಲ.

ಮೊದಲನೆಯದು ಮಾತಿನ ಪಾಲು. ಪೋಷಕರಿಗೆ ಮಗುವಿನ ಪ್ರಗತಿಯ ಟಿಪ್ಪಣಿ, ಆ ದಿನ ನಡೆಸಿದ ಪಾಠದ ವಿವರ, ಮುಂದಿನ ವಾರದ ಯೋಜನೆ, ರಜೆಯ ಸೂಚನೆ, ಬಾಕಿ ಶುಲ್ಕದ ನೆನಪೋಲೆ ಇದರಲ್ಲಿ ಸೇರುತ್ತವೆ. ಧ್ವನಿಯ ನಿಜವಾದ ಉಪಯೋಗ ಇಲ್ಲಿಯೇ. ಮೂವತ್ತು ಪೋಷಕರಿಗೆ ತಲಾ ಅರವತ್ತು ಪದಗಳ ಟಿಪ್ಪಣಿಯೆಂದರೆ 1,800 ಪದಗಳಾದವು. ಬರೆಯುವ ಬೇಸರದಿಂದಲೇ ಅನೇಕರು ಈ ಟಿಪ್ಪಣಿಗಳನ್ನು ಕೈಬಿಡುತ್ತಾರೆ. ಪೋಷಕರು ಮನೆಪಾಠವನ್ನು ಬದಲಿಸುವಾಗ ಹೇಳುವ ಕಾರಣಗಳಲ್ಲಿ ‘ಏನು ನಡೆಯುತ್ತಿದೆಯೆಂದೇ ತಿಳಿಯುವುದಿಲ್ಲ’ ಎಂಬುದೂ ಒಂದು.

ಎರಡನೆಯದು ಅಂಕಿಯ ಪಾಲು. ಶುಲ್ಕ, ದಿನಾಂಕ, ರಸೀದಿ ಸಂಖ್ಯೆ, ಪರೀಕ್ಷೆಯ ಅಂಕ, ಮೊಬೈಲ್ ಸಂಖ್ಯೆ ಇವುಗಳನ್ನು ಅಂಕಿಯ ಕೀಲಿಗಳಿಂದಲೇ ನಮೂದಿಸಬೇಕು. ನಾಲ್ಕು ಅಂಕಿ ಒತ್ತಲು ಹಿಡಿಯುವ ಸಮಯ ಹೇಳಿ ತಿದ್ದುವ ಸಮಯಕ್ಕಿಂತ ಕಡಿಮೆ. ಲೆಕ್ಕದ ಹಾಳೆಯಲ್ಲಿ 1, 2, 3 ಎಂಬ ರೂಪದ ಅಂಕಿಗಳನ್ನೇ ಬಳಸಬೇಕು. ಕನ್ನಡ ಅಂಕಿಗಳನ್ನು ತಂತ್ರಾಂಶವು ಅಕ್ಷರಗಳೆಂದು ಭಾವಿಸಿ ಮೊತ್ತಕ್ಕೆ ಸೇರಿಸದೆ ಬಿಡಬಹುದು.

ಮೂರನೆಯದು ಹೆಸರಿನ ಪಾಲು. ವರ್ಷದ ಆರಂಭದಲ್ಲಿ ಒಮ್ಮೆ ಪ್ರತಿ ವಿದ್ಯಾರ್ಥಿಗೂ ಕ್ರಮಸಂಖ್ಯೆ ಕೊಟ್ಟು, ಹೆಸರು, ತರಗತಿ, ಶಾಲೆ, ಪೋಷಕರ ವಿವರಗಳನ್ನು ಕೈಯಿಂದಲೇ ಸರಿಯಾಗಿ ಬರೆದಿಟ್ಟರೆ ಆಯಿತು. ಮುಂದೆ ಹೇಳಿ ಬರೆಸುವಾಗ ಹೆಸರಿನ ಬದಲು ಕ್ರಮಸಂಖ್ಯೆಯನ್ನೇ ಹೇಳಬೇಕು. ಹೇಳುವಾಗ ‘ಇಪ್ಪತ್ತೇಳು’ ಎನ್ನದೆ ‘ಎರಡು, ಏಳು’ ಎಂದು ಬಿಡಿಯಾಗಿ ಹೇಳಬೇಕು. ಟಿಪ್ಪಣಿ ಸಿದ್ಧವಾದ ಮೇಲೆ ಪಟ್ಟಿಯಿಂದ ಹೆಸರನ್ನು ಎತ್ತಿ ಸೇರಿಸಿದರೆ ಅದಿತಿ ಎಂದೂ ಅತಿಥಿಯಾಗುವುದಿಲ್ಲ.

ಪ್ರತಿದಿನದ ಕ್ರಮ ಹೀಗಿರಬಹುದು. ಹಣ ಕೈಗೆ ಅಥವಾ ಖಾತೆಗೆ ಬಂದ ಕೂಡಲೇ ಕಿರ್ದಿಯಲ್ಲಿ ದಿನಾಂಕ, ಕ್ರಮಸಂಖ್ಯೆ, ಮೊತ್ತ, ನಗದೋ ಯುಪಿಐಯೋ ಎಂಬುದನ್ನು ಅಂಕಿಗಳಿಂದ ನಮೂದಿಸಬೇಕು. ಅದರ ಪಕ್ಕದ ‘ವಿವರ’ ಎಂಬ ಅಂಕಣವನ್ನು ಧ್ವನಿಯಿಂದ ತುಂಬಬಹುದು: ‘ಆಗಸ್ಟ್ ತಿಂಗಳ ಶುಲ್ಕ, ತಂದೆಯವರ ಖಾತೆಯಿಂದ ಬಂದಿದೆ’ ಅಥವಾ ‘ಅರ್ಧ ತಿಂಗಳ ಶುಲ್ಕ, ಮಗುವಿಗೆ ಜ್ವರವಿದ್ದುದರಿಂದ ಉಳಿದದ್ದು ಬಿಟ್ಟಿದೆ’. ಬ್ಯಾಂಕಿನ ಪಟ್ಟಿಗೆ ಗೊತ್ತಿಲ್ಲದ ‘ಏತಕ್ಕಾಗಿ’ ಎಂಬ ಪ್ರಶ್ನೆಗೆ ಉತ್ತರ ಈ ಅಂಕಣದಲ್ಲಿದೆ. ಇಷ್ಟು ಉದ್ದವಾಗಿ ಕೈಯಿಂದ ಬರೆಯುವವರು ವಿರಳ, ಹೇಳುವುದಕ್ಕೆ ಮಾತ್ರ ಯಾರಿಗೂ ಬೇಸರವಿಲ್ಲ.

ಒಂದು ತಿಂಗಳ ತಾಳೆ

ಈ ಕ್ರಮದ ಪ್ರಯೋಜನವನ್ನು ಕಲ್ಪಿತ ಲೆಕ್ಕವೊಂದರಿಂದ ತಿಳಿಯಬಹುದು. ಮೂವತ್ತು ವಿದ್ಯಾರ್ಥಿಗಳು, ತಲಾ ರೂ. 2,500 ಮಾಸಿಕ ಶುಲ್ಕ ಎಂದಿಟ್ಟುಕೊಂಡರೆ ತಿಂಗಳಿಗೆ ಬರಬೇಕಾದದ್ದು ರೂ. 75,000. ಇಪ್ಪತ್ತನಾಲ್ಕು ಮಂದಿ ಯುಪಿಐ ಮೂಲಕ ರೂ. 60,000 ಕೊಟ್ಟಿದ್ದಾರೆ, ನಾಲ್ವರು ನಗದಾಗಿ ರೂ. 10,000 ಕೊಟ್ಟಿದ್ದಾರೆ, ಇಬ್ಬರಿಂದ ರೂ. 5,000 ಬಾಕಿ ಇದೆ. ಅದೇ ತಿಂಗಳು ಬ್ಯಾಂಕಿನ ಪಟ್ಟಿಯಲ್ಲಿ ಜಮೆಯಾಗಿರುವುದು ರೂ. 1,02,000. ಅದರಲ್ಲಿ ಶುಲ್ಕದ ರೂ. 60,000 ಅಲ್ಲದೆ ಮಹಡಿ ಮನೆಯ ಬಾಡಿಗೆ ರೂ. 22,000, ಸಹೋದರರು ಹಿಂದಿರುಗಿಸಿದ ಕೈಸಾಲ ರೂ. 20,000 ಸೇರಿವೆ.

ಕಿರ್ದಿ ಇಲ್ಲದಿದ್ದರೆ ಈ ಶಿಕ್ಷಕಿಯ ಆ ತಿಂಗಳ ಸಂಪಾದನೆ ಒಂದು ಲಕ್ಷ ದಾಟಿದೆಯೆಂದು ಯಾರಾದರೂ ಹೇಳಬಹುದು. ಕಿರ್ದಿ ಇದ್ದರೆ ಮನೆಪಾಠದಿಂದ ಬಂದದ್ದು ರೂ. 70,000 ಎಂಬುದು ಸ್ಪಷ್ಟ. ಇನ್ನೊಂದು ಮುಖವನ್ನೂ ಮರೆಯಬಾರದು. ಬ್ಯಾಂಕಿನಲ್ಲಿ ಕಾಣದ ನಗದು ರೂ. 10,000 ಕೂಡ ಆದಾಯವೇ. ಬಾಡಿಗೆಯೂ ಆದಾಯವೇ, ಆದರೆ ಅದರ ಶೀರ್ಷಿಕೆ ಬೇರೆ. ಪ್ರಾಮಾಣಿಕ ಕಿರ್ದಿ ಎರಡೂ ಕಡೆ ಸಮನಾಗಿ ಮಾತನಾಡುತ್ತದೆ, ಅದಕ್ಕೆ ಬೆಲೆ ಬರುವುದೂ ಅದರಿಂದಲೇ. ಮನೆಪಾಠದ ಹಣಕ್ಕಾಗಿಯೇ ಪ್ರತ್ಯೇಕ ಖಾತೆ ಮತ್ತು ಪ್ರತ್ಯೇಕ ಯುಪಿಐ ವಿಳಾಸ ಇಟ್ಟುಕೊಂಡರೆ ಈ ತಾಳೆ ನೋಡುವ ಕೆಲಸ ಅರ್ಧದಷ್ಟು ಹಗುರಾಗುತ್ತದೆ. ಮೂರು ತಿಂಗಳ ಶುಲ್ಕವನ್ನು ಒಟ್ಟಿಗೆ ನಗದಾಗಿ ಪಡೆದು ಕೊಡುವ ರಸೀದಿಯ ಮೊತ್ತ ರೂ. 5,000 ಮೀರಿದರೆ ಒಂದು ರೂಪಾಯಿಯ ರೆವಿನ್ಯೂ ಸ್ಟ್ಯಾಂಪ್ ಅಂಟಿಸಬೇಕೆಂಬುದನ್ನೂ ನೆನಪಿಡಬೇಕು.

ಪರಿಶೀಲನೆಯ ವಿಷಯದಲ್ಲಿ ಎರಡು ನಿಯಮಗಳು ಸಾಕು. ಹೇಳಿ ಬರೆಸಿದ್ದನ್ನು ಅದೇ ದಿನ, ಮಾತು ಇನ್ನೂ ನೆನಪಿನಲ್ಲಿರುವಾಗಲೇ ಓದಿ ತಿದ್ದಬೇಕು. ಮೂರು ದಿನ ಕಳೆದ ಮೇಲೆ ‘ಇಪ್ಪತ್ತು’ ಎಂಬುದು ಸರಿಯೋ ತಪ್ಪೋ ಎಂದು ಹೇಳಲು ಹೇಳಿದವರಿಂದಲೂ ಆಗುವುದಿಲ್ಲ. ಎರಡನೆಯದಾಗಿ, ಹೊರಗೆ ಹೋಗುವ ಯಾವ ಕಾಗದವನ್ನೂ ಅದರಲ್ಲಿರುವ ಪ್ರತಿ ಹೆಸರು, ಪ್ರತಿ ಅಂಕಿಯ ಮೇಲೆ ಬೆರಳಿಟ್ಟು ನೋಡದೆ ಕಳುಹಿಸಬಾರದು. ಯಂತ್ರದ ತಪ್ಪು ಎಂಬ ಸಮಜಾಯಿಷಿಯನ್ನು ಪೋಷಕರಾಗಲಿ ಅಧಿಕಾರಿಗಳಾಗಲಿ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ.

ಮಕ್ಕಳ ಮಾಹಿತಿಯ ಹೊಣೆ

ಧ್ವನಿ ತಂತ್ರಾಂಶಗಳಲ್ಲಿ ಕೆಲವು ಮೊಬೈಲಿನೊಳಗೇ ಕೆಲಸ ಮುಗಿಸುತ್ತವೆ. ಹಲವು ತಂತ್ರಾಂಶಗಳು ಧ್ವನಿಯನ್ನು ಅಂತರಜಾಲದ ಮೂಲಕ ಸಂಸ್ಥೆಯ ಗಣಕಗಳಿಗೆ ಕಳುಹಿಸಿ ಅಲ್ಲಿಂದ ಅಕ್ಷರವನ್ನು ತರಿಸಿಕೊಳ್ಳುತ್ತವೆ. ಅಂದರೆ ‘ಇಂಥ ಮಗುವಿಗೆ ಓದಿನಲ್ಲಿ ತೊಂದರೆಯಿದೆ, ಇಂಥವರು ಶುಲ್ಕ ಕೊಟ್ಟಿಲ್ಲ’ ಎಂಬ ಮಾತು ಮನೆಯ ಗೋಡೆಗಳನ್ನು ದಾಟಿ ಹೋಗುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಹದಿನೆಂಟು ತುಂಬದವರೆಲ್ಲರೂ ಮಕ್ಕಳೇ. ಅವರ ಮಾಹಿತಿಯನ್ನು ಬಳಸಲು ಪೋಷಕರ ಒಪ್ಪಿಗೆ ಬೇಕು. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಕಟ್ಟುಪಾಡುಗಳು ಪ್ರಕಟಣೆಯಿಂದ ಹದಿನೆಂಟು ತಿಂಗಳ ನಂತರ ಜಾರಿಗೆ ಬರುವಂತೆ ಅವಧಿ ನೀಡಲಾಗಿದೆ.

ಈ ಅವಧಿಯಲ್ಲಿ ಮಾಡಬೇಕಾದ ಕೆಲಸ ಕಷ್ಟದ್ದಲ್ಲ. ಸೇರ್ಪಡೆ ಪತ್ರದಲ್ಲಿ ಯಾವ ಮಾಹಿತಿಯನ್ನು ಏಕೆ ಇಟ್ಟುಕೊಳ್ಳಲಾಗುತ್ತದೆ ಎಂದು ಬರೆದು ಪೋಷಕರ ಸಹಿ ಪಡೆಯುವುದು, ಅಗತ್ಯವಿಲ್ಲದ ವಿವರಗಳನ್ನು ಕೇಳದಿರುವುದು, ಬಿಟ್ಟುಹೋದ ವಿದ್ಯಾರ್ಥಿಗಳ ವಿವರಗಳನ್ನು ಲೆಕ್ಕಕ್ಕೆ ಬೇಕಾದಷ್ಟು ಮಾತ್ರ ಉಳಿಸಿ ಮಿಕ್ಕದ್ದನ್ನು ಅಳಿಸುವುದು ಇಷ್ಟು ಸಾಕು. ಹೆಸರಿನ ಬದಲು ಕ್ರಮಸಂಖ್ಯೆ ಹೇಳುವ ಅಭ್ಯಾಸ ಇಲ್ಲಿ ಎರಡನೆಯ ಉಪಕಾರ ಮಾಡುತ್ತದೆ. ತಪ್ಪು ಹೆಸರು ಬರುವುದನ್ನು ತಡೆಯುವುದರ ಜೊತೆಗೆ ಮಗುವಿನ ಹೆಸರು ಹೊರಗೆ ಹೋಗುವುದನ್ನೂ ಅದು ತಡೆಯುತ್ತದೆ.

ವರ್ತಕರಿಗೆ, ಕಿರು ಉದ್ದಿಮೆದಾರರಿಗೆ

ಚಂದ್ರಾ ಲೇಔಟ್‌ನಿಂದ ಕಾಮಾಕ್ಷಿಪಾಳ್ಯದ ಕಿರು ಕಾರ್ಖಾನೆಗಳು ಹೆಚ್ಚು ದೂರವಿಲ್ಲ. ಅಲ್ಲಿನ ಲೇತ್ ಯಂತ್ರದ ಮುಂದೆ ನಿಂತ ಮಾಲೀಕರ ಕೈಗೆ ಎಣ್ಣೆ ಮೆತ್ತಿರುತ್ತದೆ, ವಿಜಯನಗರದ ಅಂಗಡಿಯವರ ಕೈಯಲ್ಲಿ ತಕ್ಕಡಿ ಇರುತ್ತದೆ. ಬರೆಯಲು ಕೈ ಬಿಡುವಿಲ್ಲದ ಇವರಿಗೂ ಬಾಯಿ ಬಿಡುವಾಗಿರುತ್ತದೆ. ಜಾಬ್‌ವರ್ಕ್‌ಗೆ ಬಂದ ಸಾಮಾನು ಯಾವ ಸ್ಥಿತಿಯಲ್ಲಿತ್ತು, ಗಿರಾಕಿ ಫೋನಿನಲ್ಲಿ ಯಾವ ಬದಲಾವಣೆ ಕೇಳಿದರು, ಸರಕು ವಾಪಸು ಬಂದದ್ದು ಏಕೆ ಎಂಬುದನ್ನು ಆ ಕ್ಷಣದಲ್ಲಿಯೇ ಹೇಳಿ ಬರೆಸಿ ಇಟ್ಟರೆ, ಮುಂದೆ ತಕರಾರು ಬಂದಾಗ ನೆನಪನ್ನು ನೆಚ್ಚಬೇಕಾಗಿಲ್ಲ. ಅಳತೆ, ದರ, ಪ್ರಮಾಣ, ಪಾರ್ಟಿಯ ಹೆಸರು ಮಾತ್ರ ಕೈಯಿಂದಲೇ ಬರಬೇಕು. ಕಾರ್ಖಾನೆಯ ಸದ್ದಿನಲ್ಲಿ ‘ಇಪ್ಪತ್ತು ಮಿಲಿಮೀಟರ್’ ಮತ್ತು ‘ಎಪ್ಪತ್ತು ಮಿಲಿಮೀಟರ್’ ಅದಲುಬದಲಾದರೆ ಹಾಳಾಗುವುದು ಒಂದು ಕಾಗದವಲ್ಲ, ಇಡೀ ಬ್ಯಾಚಿನ ಉಕ್ಕು.

‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಎಂದು ಹಿರಿಯರು ಹೇಳಿದ್ದಾರೆ. ಆಡಿದ ಮಾತನ್ನು ಹೋಗಗೊಡದೆ ಹಿಡಿದಿಡುವ ಉಪಕರಣ ಈಗ ಪ್ರತಿಯೊಬ್ಬರ ಜೇಬಿನಲ್ಲಿದೆ. ಆದರೆ ಅದು ಹಿಡಿದದ್ದೆಲ್ಲ ಆಡಿದ್ದೇ ಎಂದು ನಂಬುವಂತಿಲ್ಲ. ಮಾತನ್ನು ಯಂತ್ರಕ್ಕೆ ಬಿಟ್ಟು, ಅಂಕಿಯನ್ನೂ ಹೆಸರನ್ನೂ ತನ್ನ ಕೈಯಲ್ಲಿಟ್ಟುಕೊಂಡು, ಪ್ರತಿ ರಾತ್ರಿ ಹತ್ತು ನಿಮಿಷ ಓದಿ ತಿದ್ದುವವರಿಗೆ ಗುಮಾಸ್ತರಿಲ್ಲದಿದ್ದರೂ ಕಿರ್ದಿ ಇರುತ್ತದೆ. ನೋಟಿಸ್ ಬಂದ ದಿನ ಮೇಜಿನ ಮೇಲೆ ತೆರೆದಿಡಲು ಬೇಕಾಗುವುದು ಆ ಕಿರ್ದಿಯೇ.